ಮೆಚ್ಚಿದ ಕಾದಂಬರಿಯ ಮರುಓದು ಮತ್ತು ಅಭಿಪ್ರಾಯ ವಿನಿಮಯ: ಒಂದು ಸಮಗ್ರ ಮಾರ್ಗದರ್ಶಿ

ಹಿಂದೆಂದೋ ಓದಿ ಮೆಚ್ಚಿದ ಕಾದಂಬರಿಯೊಂದರ ಹೆಸರು ಮಾತಿನ ನಡುವೆ ಬಂದಾಗ, ‘ಬಹಳ ಒಳ್ಳೆಯ ಕೃತಿ, ಓದಲೇಬೇಕು’ ಎಂದು ಹೇಳುವುದು ಸುಲಭ. ಅದರಲ್ಲಿ ಒಳ್ಳೆಯದೇನು ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ ಒಂದೆರಡು ಪಾತ್ರಗಳ ಹೆಸರು, ಒಂದು ಸನ್ನಿವೇಶ, ಓದಿ ಮುಗಿಸಿದಾಗ ಮನಸ್ಸಿಗೆ ಆದ ಭಾರ, ಇಷ್ಟೇ ಕೈಗೆ ಸಿಗುತ್ತವೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುನ್ನೂರು ನಾನೂರು ಪುಟಗಳ ಬರಹವನ್ನು ಯಾರ ನೆನಪೂ ಇಡಿಯಾಗಿ ಹಿಡಿದಿಟ್ಟುಕೊಳ್ಳಲಾರದು. ಆದರೆ ವರ್ಷಗಳು ಕಳೆದಂತೆ ನೆನಪಿನಲ್ಲಿ ಉಳಿದ ಕಾದಂಬರಿ ಮತ್ತು ಪುಟಗಳಲ್ಲಿರುವ ಕಾದಂಬರಿ ಎರಡು ಬೇರೆ ಕೃತಿಗಳೇ ಆಗಿಬಿಟ್ಟಿರುತ್ತವೆ. ಮರುಓದಿನ ದೊಡ್ಡ ಫಲವೆಂದರೆ ಈ ಎರಡರ ನಡುವಿನ ಅಂತರವನ್ನು ಕಾಣುವುದು. ಓದುಗರು ಪರಸ್ಪರ ಹಂಚಿಕೊಳ್ಳಬಹುದಾದ ಅಭಿಪ್ರಾಯಗಳಲ್ಲಿ ಹೆಚ್ಚು ಬೆಲೆಯುಳ್ಳವು ಹುಟ್ಟುವುದೂ ಅಲ್ಲಿಂದಲೇ. ಆ ಅಂತರವನ್ನು ಹಿಡಿಯುವುದು ಹೇಗೆ, ಬರೆದಿಡುವುದು ಹೇಗೆ, ಇನ್ನೊಬ್ಬ ಓದುಗರ ಮುಂದೆ ಇಡುವುದು ಹೇಗೆ ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಕಾದಂಬರಿಯ ಆಯ್ಕೆ

ಓದಿ ಕನಿಷ್ಠ ಐದಾರು ವರ್ಷಗಳಾದರೂ ಕಳೆದಿರುವ ಕಾದಂಬರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಇತ್ತೀಚೆಗಷ್ಟೇ ಓದಿದ ಕೃತಿಯ ಮರುಓದಿಗೆ ಬೇರೆ ಬಗೆಯ ಪ್ರಯೋಜನಗಳಿವೆ. ರಚನೆಯ ಸೂಕ್ಷ್ಮಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಓದುಗ ತಾನು ಬದಲಾಗಿರುವುದು ಕಾಣುವುದಿಲ್ಲ. ಪಟ್ಟಿ ಮಾಡಿಕೊಳ್ಳುವಾಗ ಅಚ್ಚುಮೆಚ್ಚಿನ ಕೃತಿಗಳ ಜೊತೆಗೆ ಒಂದೆರಡು ಅರ್ಧಕ್ಕೆ ಬಿಟ್ಟವನ್ನೂ, ಎಲ್ಲರೂ ಹೊಗಳಿದಾಗ ನಿಮಗೆ ರುಚಿಸದೆ ಹೋದ ಒಂದನ್ನಾದರೂ ಸೇರಿಸಿಕೊಳ್ಳಿ. ಮೆಚ್ಚಿದ್ದು ಈಗ ಸಪ್ಪೆಯಾಗಿ ಕಾಣುವ ಅಪಾಯ ಇರುವಂತೆಯೇ, ಹಿಂದೆ ಒಲಿಯದಿದ್ದ ಕೃತಿ ಈಗ ತಾನಾಗಿ ತೆರೆದುಕೊಳ್ಳುವ ಸಾಧ್ಯತೆಯೂ ಇದೆ. ಇಪ್ಪತ್ತರ ಹರೆಯದಲ್ಲಿ ‘ಏನೂ ನಡೆಯುವುದೇ ಇಲ್ಲ’ ಎಂದು ಕೆಳಗಿಟ್ಟ ಕಾದಂಬರಿಯಲ್ಲಿ ಎಷ್ಟೊಂದು ನಡೆಯುತ್ತಿತ್ತು ಎಂಬುದು ನಲವತ್ತರಲ್ಲಿ ಗೊತ್ತಾಗುವುದು ಅಪರೂಪವೇನಲ್ಲ.

ಎರಡನೆಯ ಹಂತ: ಪುಸ್ತಕ ತೆರೆಯುವ ಮುನ್ನ ನೆನಪನ್ನು ಬರೆದಿಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಮೊದಲ ಪುಟವನ್ನು ಓದಿದ ಕ್ಷಣದಿಂದಲೇ ಹಳೆಯ ನೆನಪು ಹೊಸ ಓದಿನೊಂದಿಗೆ ಬೆರೆತುಹೋಗುತ್ತದೆ, ಆಮೇಲೆ ಎರಡನ್ನೂ ಬೇರ್ಪಡಿಸಲಾಗುವುದಿಲ್ಲ. ಆದ್ದರಿಂದ ಪುಸ್ತಕವನ್ನು ಮುಟ್ಟದೆ, ಬೆನ್ನುಡಿಯನ್ನೂ ನೋಡದೆ, ಅರ್ಧ ಗಂಟೆ ಕುಳಿತು ನೆನಪಿರುವುದನ್ನೆಲ್ಲ ಬರೆಯಿರಿ. ಕಥೆ ಎಲ್ಲಿ ಆರಂಭವಾಗುತ್ತದೆ, ಯಾರ ಬಾಯಿಂದ ಬರುತ್ತದೆ, ಯಾರ ಪರವಾಗಿ ನಿಮ್ಮ ಮನಸ್ಸು ನಿಂತಿತ್ತು, ಯಾರ ಮೇಲೆ ಸಿಟ್ಟು ಬಂದಿತ್ತು, ಕೊನೆ ಏನಾಗುತ್ತದೆ, ಯಾವ ಮಾತು ಇನ್ನೂ ಕಿವಿಯಲ್ಲಿದೆ ಎಂಬುದನ್ನೆಲ್ಲ ದಾಖಲಿಸಿ. ಖಚಿತವಾಗಿ ನೆನಪಿಲ್ಲದ ಕಡೆ ‘ಬಹುಶಃ’ ಎಂದು ಸೇರಿಸಿ. ಖಚಿತವೆನಿಸಿದ ಕಡೆ ಧೈರ್ಯವಾಗಿ ಬರೆಯಿರಿ, ಏಕೆಂದರೆ ತಪ್ಪುಗಳು ಹೆಚ್ಚು ಸ್ವಾರಸ್ಯಕರವಾಗಿರುವುದು ಆ ಖಚಿತ ಜಾಗಗಳಲ್ಲೇ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಆಧಾರ ಒದಗಿಸುತ್ತವೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಅವರು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ಬೇರೆ ಬೇರೆ ಅವಧಿಗಳ ನಂತರ ಅದನ್ನು ನೆನಪಿನಿಂದ ಬರೆಯಿಸಿದರು. ಕಥೆ ಪ್ರತಿ ಬಾರಿಯೂ ಚಿಕ್ಕದಾಗುತ್ತ ಹೋಯಿತು. ಅಪರಿಚಿತ ವಿವರಗಳು ಉದುರಿದವು ಅಥವಾ ಪರಿಚಿತ ವಿವರಗಳಾಗಿ ಮಾರ್ಪಟ್ಟವು. ಮೂಲದಲ್ಲಿದ್ದ ಸೀಲ್ ಎಂಬ ಕಡಲಪ್ರಾಣಿಯ ಬೇಟೆ ಕೆಲವರ ಬರಹದಲ್ಲಿ ಮೀನು ಹಿಡಿಯುವ ಕೆಲಸವಾಗಿತ್ತು. ಓದುಗರು ಬೇಕೆಂದೇ ಬದಲಿಸಿದ್ದಲ್ಲ. ನೆನಪು ಕಥೆಯನ್ನು ಇದ್ದಂತೆ ಕೂಡಿಡದೆ, ಪ್ರತಿ ಸಲವೂ ತನ್ನ ಅನುಭವಕ್ಕೆ ಒಗ್ಗುವಂತೆ ಮತ್ತೆ ಕಟ್ಟುತ್ತದೆ. ಹಾಗೆ ನೋಡಿದರೆ ನಿಮ್ಮ ಟಿಪ್ಪಣಿಯಲ್ಲಿ ಕಂಡುಬರುವ ಪ್ರತಿಯೊಂದು ತಪ್ಪೂ, ಇಷ್ಟು ವರ್ಷ ನೀವು ಆ ಕಾದಂಬರಿಯನ್ನು ನಿಮಗಾಗಿ ಹೇಗೆ ಬರೆದುಕೊಂಡು ಬಂದಿದ್ದೀರಿ ಎಂಬುದರ ಗುರುತು.

ಸಿನಿಮಾ ಆಗಿರುವ ಕಾದಂಬರಿಗಳ ವಿಷಯದಲ್ಲಿ ಈ ಹಂತ ಇನ್ನಷ್ಟು ಅಗತ್ಯ. ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಮೇಲೆ, ಕಥಾನಾಯಕಿ ಕಾವೇರಿ ಎಂದೊಡನೆ ನಟಿ ಕಲ್ಪನಾ ಅವರ ಮುಖವೇ ಕಣ್ಣೆದುರು ಬರುವವರು ಅಸಂಖ್ಯ. ನಿಮ್ಮ ನೆನಪಿನ ಯಾವ ಭಾಗ ಪುಸ್ತಕದ್ದು, ಯಾವ ಭಾಗ ಪರದೆಯದ್ದು ಎಂದು ಊಹಿಸಿ ಟಿಪ್ಪಣಿಯಲ್ಲಿ ಗುರುತು ಮಾಡಿಕೊಂಡರೆ, ಓದುವಾಗ ಆ ಊಹೆಯನ್ನು ಪರೀಕ್ಷಿಸಬಹುದು.

ಮೂರನೆಯ ಹಂತ: ಪ್ರತಿ

ಹಳೆಯ ಪ್ರತಿಯೇ ಕೈಯಲ್ಲಿದ್ದರೆ ಅದನ್ನೇ ಓದಿ. ಅಂದು ಅಡಿಗೆರೆ ಹಾಕಿದ ಸಾಲುಗಳು ನೀವು ಅಂದು ಯಾರಾಗಿದ್ದಿರಿ ಎಂಬುದಕ್ಕೆ ನೇರ ಸಾಕ್ಷಿ. ಹೊಸ ಗುರುತುಗಳಿಗೆ ಬೇರೆ ಬಣ್ಣವನ್ನೋ ಪೆನ್ಸಿಲನ್ನೋ ಬಳಸಿ. ಬೇರೆ ಆವೃತ್ತಿಯಾದರೆ ಲೇಖಕರು ಪರಿಷ್ಕರಿಸಿದ್ದಾರೆಯೇ ಎಂದು ಮುದ್ರಣದ ವಿವರವಿರುವ ಪುಟದಲ್ಲಿ ನೋಡಿಕೊಳ್ಳಿ. ಅನುವಾದವಾದರೆ ಅನುವಾದಕರ ಹೆಸರನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಇಬ್ಬರು ಓದುಗರ ಭಿನ್ನಾಭಿಪ್ರಾಯಕ್ಕೆ ಎರಡು ಬೇರೆ ಅನುವಾದಗಳೇ ಕಾರಣವಾಗಿರುವುದುಂಟು. ಮುನ್ನುಡಿಯನ್ನು ಕೊನೆಗೆ ಓದಿ.

ನಾಲ್ಕನೆಯ ಹಂತ: ಓದುವ ಕ್ರಮ

ಕಥೆ ಗೊತ್ತಿರುವುದರಿಂದ ಮರುಓದಿನಲ್ಲಿ ಎರಡು ಪ್ರಲೋಭನೆಗಳು ಕಾಡುತ್ತವೆ: ಇಷ್ಟವಾದ ಭಾಗಕ್ಕೆ ಹಾರಿಹೋಗುವುದು ಮತ್ತು ವರ್ಣನೆಗಳನ್ನು ಕಣ್ಣಾಡಿಸಿ ದಾಟಿಬಿಡುವುದು. ಎರಡನ್ನೂ ತಡೆದುಕೊಳ್ಳಬೇಕು. ಮೊದಲ ಓದಿನಲ್ಲಿ ‘ಮುಂದೇನು’ ಎಂಬ ಕುತೂಹಲ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಈಗ ಆ ಎಳೆತವಿಲ್ಲದಿರುವುದರಿಂದ ‘ಇದು ಇಲ್ಲಿ ಏಕಿದೆ’ ಎಂದು ಕೇಳಲು ಬಿಡುವು ಸಿಗುತ್ತದೆ. ಒಂದೊಂದು ಬೈಠಕ್ಕಿಗೆ ಒಂದೋ ಎರಡೋ ಅಧ್ಯಾಯಗಳಷ್ಟೇ ಸಾಕು. ಪ್ರತಿ ಅಧ್ಯಾಯದ ಕೊನೆಯಲ್ಲಿ ಒಂದೆರಡು ಸಾಲಿನ ಟಿಪ್ಪಣಿಯನ್ನು ಪುಟಸಂಖ್ಯೆಯೊಂದಿಗೆ ಬರೆಯಿರಿ. ಪುಟಸಂಖ್ಯೆಯಿಲ್ಲದ ಟಿಪ್ಪಣಿ ಚರ್ಚೆಯ ಹೊತ್ತಿಗೆ ನಿರುಪಯುಕ್ತವಾಗುತ್ತದೆ.

ಮೊದಲ ಓದಿನಲ್ಲಿ ಬದಿಗೆ ಸರಿದ ಪಾತ್ರಗಳ ಕಡೆ ವಿಶೇಷವಾಗಿ ಗಮನ ಕೊಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇದಕ್ಕೆ ತಕ್ಕ ಉದಾಹರಣೆ. ಒಬ್ಬ ನಾಯಕ, ಒಬ್ಬ ನಾಯಕಿ ಎಂಬ ಕಟ್ಟು ಆ ಕಾದಂಬರಿಗೆ ಇಲ್ಲ; ಹತ್ತಾರು ಬದುಕುಗಳು ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ. ಹೆಸರುಗಳ ದಟ್ಟಣೆಯಲ್ಲಿ ಮೊದಲ ಸಲ ಓದುವವರು ಮುಕುಂದಯ್ಯ ಮತ್ತು ಚಿನ್ನಮ್ಮನ ಕಥೆಯನ್ನು ಆಧಾರವಾಗಿ ಹಿಡಿದುಕೊಂಡು ಉಳಿದದ್ದನ್ನು ಹಿನ್ನೆಲೆಯೆಂದು ಭಾವಿಸುವುದು ಸಹಜ. ಎರಡನೆಯ ಓದಿನಲ್ಲಿ ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಕೊನೆಗೆ ಗುತ್ತಿಯ ನಾಯಿ ಹುಲಿಯ ಕೂಡ ಅಷ್ಟೇ ತೂಕದಿಂದ ಎದ್ದು ನಿಲ್ಲುತ್ತವೆ. ಇಂಥ ದೊಡ್ಡ ಹರವಿನ ಕಾದಂಬರಿಗೆ ಪಾತ್ರಗಳ ಹೆಸರು, ಮನೆ, ಪರಸ್ಪರ ಸಂಬಂಧ ಇವುಗಳ ಪಟ್ಟಿಯೊಂದನ್ನು ನೀವೇ ಮಾಡಿಕೊಳ್ಳಿ. ಇನ್ನೊಬ್ಬರು ಮಾಡಿಟ್ಟ ಪಟ್ಟಿಯಿಂದ ಹೆಸರು ಸಿಗಬಹುದು, ಒಡನಾಟ ಸಿಗುವುದಿಲ್ಲ.

ಕಥೆ ಹೇಳುವವರನ್ನು ಈಗ ಪ್ರಶ್ನಿಸುತ್ತ ಓದುವುದು ಇನ್ನೊಂದು ಮುಖ್ಯ ಅಭ್ಯಾಸ. ನಿರೂಪಕ ಏನನ್ನು ಹೇಳದೆ ಬಿಟ್ಟಿದ್ದಾನೆ, ಯಾರ ಮನಸ್ಸಿನೊಳಗೆ ಒಮ್ಮೆಯೂ ಪ್ರವೇಶಿಸಿಲ್ಲ, ಯಾವ ಘಟನೆಯನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದಾನೆ ಎಂಬುದು ಕೊನೆ ಗೊತ್ತಿರುವ ಓದುಗರಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಮೊದಲ ಬಾರಿ ಓದುವಾಗ ಮಂದಣ್ಣನ ಪಡಿಪಾಟಲುಗಳು ನಗಿಸುತ್ತವೆ, ಹಾರುವ ಓತಿಯ ಶೋಧ ಉಸಿರು ಬಿಗಿಹಿಡಿಸುತ್ತದೆ. ಎರಡನೆಯ ಓದಿನಲ್ಲಿ ಕಣ್ಣು ನಿಲ್ಲುವುದು, ಲೋಕ ದಡ್ಡನೆಂದು ಬಗೆದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಏನನ್ನು ಕಂಡರು, ಮತ್ತು ಅದನ್ನು ಕಾಣಲು ನಿರೂಪಕನಿಗೆ ಅಷ್ಟು ಸಮಯ ಏಕೆ ಬೇಕಾಯಿತು ಎಂಬುದರ ಮೇಲೆ. ಕಥೆ ಒಂದಿಷ್ಟೂ ಬದಲಾಗಿಲ್ಲ, ಪ್ರಶ್ನೆ ಬದಲಾಗಿದೆ.

ಆರಂಭದ ಹತ್ತು ಪುಟಗಳನ್ನು, ಇಡೀ ಕಾದಂಬರಿ ಮುಗಿದ ಮೇಲೆ, ಇನ್ನೊಮ್ಮೆ ಓದಿ. ಒಳ್ಳೆಯ ಕಾದಂಬರಿಕಾರರು ಕೊನೆಯ ಬೀಜವನ್ನು ಅಲ್ಲೇ ಬಿತ್ತಿರುತ್ತಾರೆ.

ಐದನೆಯ ಹಂತ: ಬದಲಾದದ್ದು ಯಾವುದು ಎಂದು ಬೇರ್ಪಡಿಸುವುದು

ಓದು ಮುಗಿದ ಮೇಲೆ ಮೊದಲು ಬರೆದಿಟ್ಟ ನೆನಪಿನ ಟಿಪ್ಪಣಿಯನ್ನು ಹೊರತೆಗೆದು ಹೊಸ ಟಿಪ್ಪಣಿಗಳ ಪಕ್ಕದಲ್ಲಿಡಿ. ವ್ಯತ್ಯಾಸಗಳನ್ನು ಮೂರು ಕಾರಣಗಳಡಿ ವಿಂಗಡಿಸಬಹುದು. ಕೆಲವು ಬರೀ ಮರೆವಿನಿಂದ ಬಂದವು. ಕೆಲವು ನಿಮ್ಮ ವಯಸ್ಸು, ಅನುಭವ, ನಷ್ಟ, ಜವಾಬ್ದಾರಿಗಳಿಂದ ಬಂದವು. ಉಳಿದವು ಕಾಲ ಬದಲಾದದ್ದರಿಂದ, ಅಂದರೆ ಅಂದು ಸಮಾಜಕ್ಕೆ ಸಹಜವೆನಿಸಿದ್ದ ಮಾತುಗಳು ಇಂದು ಹಾಗೆ ಅನಿಸದಿರುವುದರಿಂದ ಬಂದವು. ಈ ಮೂರನ್ನು ಬೇರ್ಪಡಿಸದೆ ‘ಕಾದಂಬರಿ ಮೊದಲಿನಷ್ಟು ಚೆನ್ನಾಗಿಲ್ಲ’ ಎಂದುಬಿಟ್ಟರೆ ಕೃತಿಗೂ ಅನ್ಯಾಯ, ಓದಿಗೂ ಅನ್ಯಾಯ.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಎರಡನೆಯ ಕಾರಣವನ್ನು ತೋರಿಸಿಕೊಡುತ್ತದೆ. ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ, ಓದಿ, ಮರುಮದುವೆಯಾಗಲು ನಿರ್ಧರಿಸುವ ಕಾತ್ಯಾಯನಿಯ ಪಕ್ಷವನ್ನು ಎಳೆಯ ಓದುಗರು ಪೂರ್ತಿಯಾಗಿ ವಹಿಸಬಹುದು. ಅದೇ ಓದುಗರು ಮಕ್ಕಳನ್ನು ಬೆಳೆಸಿದ ಮೇಲೆ ಹಿಂದೆ ಉಳಿದ ಮಗುವಿನ ಕಡೆ, ವಯಸ್ಸಾದ ಮೇಲೆ ಆಕೆಯ ಮಾವ ಶ್ರೀನಿವಾಸ ಶ್ರೋತ್ರಿಯವರ ಒಳತೋಟಿಯ ಕಡೆ ತಿರುಗಬಹುದು. ಇದಕ್ಕೆ ಪೂರಾ ವಿರುದ್ಧವಾಗಿ, ಮೊದಲು ಶ್ರೋತ್ರಿಯವರನ್ನು ಆರಾಧಿಸಿದವರು ಆಮೇಲೆ ಕಾತ್ಯಾಯನಿಯ ನೋವನ್ನು ಕಾದಂಬರಿ ಎಷ್ಟು ಕಠಿಣವಾಗಿ ನಡೆಸಿಕೊಂಡಿದೆ ಎಂದು ಕೇಳಲೂಬಹುದು. ಯಾವ ದಿಕ್ಕಿಗೆ ತಿರುಗಿದರೂ ಸರಿ, ಆ ತಿರುವಿಗೆ ಕಾರಣವಾದ ಪುಟಗಳನ್ನು ಗುರುತಿಸುವುದು ಮುಖ್ಯ.

ನಿರಾಸೆಯಾದರೆ ಏನು ಮಾಡಬೇಕು ಎಂಬ ಪ್ರಶ್ನೆ ಹಲವರನ್ನು ಮರುಓದಿನಿಂದಲೇ ದೂರ ಇಡುತ್ತದೆ. ಹರೆಯದಲ್ಲಿ ಕಣ್ಣೀರು ತರಿಸಿದ ಕಾದಂಬರಿ ಈಗ ಕೃತಕವಾಗಿ ಕಂಡಾಗ ಆಗುವ ಬೇಸರ ನಿಜವಾದದ್ದು, ಅದನ್ನು ತಳ್ಳಿಹಾಕುವುದು ಬೇಡ. ಆದರೆ ಅಂದಿನ ಕಣ್ಣೀರು ಸುಳ್ಳಾಗುವುದಿಲ್ಲ. ಅಂದು ಆ ಕಾದಂಬರಿ ನಿಮಗೆ ಏನನ್ನು ಮೊದಲ ಬಾರಿಗೆ ತೋರಿಸಿಕೊಟ್ಟಿತು ಎಂದು ಯೋಚಿಸಿ. ಎಷ್ಟೋ ಸಲ ಅದು ಕಲಿಸಿದ್ದನ್ನು ನಾವು ಎಷ್ಟು ಚೆನ್ನಾಗಿ ಕಲಿತುಬಿಟ್ಟಿರುತ್ತೇವೆಂದರೆ, ಈಗ ಅದು ಸವಕಲು ಮಾತಾಗಿ ಕಾಣುತ್ತದೆ. ಇದನ್ನೂ ಅಭಿಪ್ರಾಯದ ಭಾಗವಾಗಿ ಬರೆಯಬೇಕು.

ಆರನೆಯ ಹಂತ: ಅಭಿಪ್ರಾಯಕ್ಕೆ ರೂಪ ಕೊಡುವುದು

ಹಂಚಿಕೊಳ್ಳಲು ಯೋಗ್ಯವಾದ ಅಭಿಪ್ರಾಯಕ್ಕೆ ಒಂದೇ ಒಂದು ಪರೀಕ್ಷೆ ಸಾಕು: ಕೇಳಿದವರು ಪುಸ್ತಕ ತೆರೆದು ಅದನ್ನು ತಾಳೆ ನೋಡಬಹುದೇ? ‘ಪಾತ್ರಚಿತ್ರಣ ಅಮೋಘ’ ಎಂಬುದನ್ನು ತಾಳೆ ನೋಡಲಾಗದು. ‘ತಂದೆಯ ಪಾತ್ರ ಕಾದಂಬರಿಯ ಉದ್ದಕ್ಕೂ ಮಗನ ಹೆಸರನ್ನು ಒಮ್ಮೆಯೂ ಉಚ್ಚರಿಸುವುದಿಲ್ಲ, ಕೊನೆಯ ಅಧ್ಯಾಯದಲ್ಲಿ ಉಚ್ಚರಿಸಿದಾಗ ಆ ಒಂದು ಮಾತಿಗೆ ಅಷ್ಟು ಬಲ ಬರುವುದು ಅದಕ್ಕೇ’ ಎಂಬುದನ್ನು ನೋಡಬಹುದು, ಒಪ್ಪಬಹುದು, ‘ಇಲ್ಲ, ಮಧ್ಯದಲ್ಲಿ ಒಂದು ಕಡೆ ಕರೆದಿದ್ದಾನೆ’ ಎಂದು ತಿದ್ದಲೂಬಹುದು. ಓದುಗರ ನಡುವೆ ನಿಜವಾದ ಮಾತುಕತೆ ಆರಂಭವಾಗುವುದು ಇಂಥ ವಾಕ್ಯದಿಂದ.

ಬರೆಯುವಾಗ ಕಥಾಸಾರಕ್ಕೆ ನಾಲ್ಕೈದು ಸಾಲುಗಳಿಗಿಂತ ಹೆಚ್ಚು ಜಾಗ ಕೊಡಬೇಡಿ. ಅದರ ನಂತರ ನಿಮಗೆ ಅತ್ಯಂತ ಮುಖ್ಯವೆನಿಸಿದ ಒಂದೇ ಅಂಶವನ್ನು ಆರಿಸಿಕೊಂಡು, ಅದನ್ನು ತೋರಿಸುವ ಎರಡು ಮೂರು ಸನ್ನಿವೇಶಗಳನ್ನು ವಿವರವಾಗಿ ಚರ್ಚಿಸಿ. ಭಾಷೆ, ಕಥಾವಸ್ತು, ಪಾತ್ರ, ಸಂದೇಶ ಎಂದು ತಲೆಬರಹ ಹಾಕಿಕೊಂಡು ಎಲ್ಲದಕ್ಕೂ ಒಂದೊಂದು ಪ್ಯಾರಾ ಬರೆಯುವ ಪದ್ಧತಿ ಪರೀಕ್ಷೆಯ ಉತ್ತರಪತ್ರಿಕೆಗೆ ಹೊಂದೀತು, ಓದಿನ ಅನುಭವವನ್ನು ಅದು ಚೂರು ಮಾಡುತ್ತದೆ. ಮೊದಲ ಓದು ಯಾವ ವಯಸ್ಸಿನಲ್ಲಿ ಆಯಿತು, ಎರಡನೆಯದು ಯಾವಾಗ ಎಂಬುದನ್ನು ತಪ್ಪದೆ ತಿಳಿಸಿ. ನಿಮ್ಮ ತೀರ್ಪನ್ನು ಇನ್ನೊಬ್ಬರು ತೂಗಿ ನೋಡಲು ಅದು ಬೇಕು. ಮೆಚ್ಚದ ಅಂಶವನ್ನು ಹೇಳುವಾಗಲೂ ಇದೇ ಶಿಸ್ತು ಇರಲಿ: ಲೇಖಕರ ಬದುಕು, ನಿಲುವು, ಖ್ಯಾತಿಗಳ ಮೇಲಿನ ಸಿಟ್ಟನ್ನು ಕಾದಂಬರಿಯ ಮೇಲೆ ಹೇರದೆ, ಪುಟಗಳಲ್ಲಿ ಏನು ಸೋತಿದೆಯೋ ಅದನ್ನಷ್ಟೇ ಹೇಳಿ.

ಏಳನೆಯ ಹಂತ: ಕಥೆಯ ಗುಟ್ಟನ್ನು ಕಾಯುವುದು

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವುದರ ಬಗ್ಗೆ ಓದುಗರಲ್ಲಿ ತೀವ್ರವಾದ ಅಭಿಪ್ರಾಯಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಸಣ್ಣಕಥೆಗಳನ್ನು ಬಳಸಿ ನಡೆಸಿದ ಅಧ್ಯಯನದಲ್ಲಿ, ಮುಕ್ತಾಯ ಮೊದಲೇ ತಿಳಿದಿದ್ದವರು ಕಥೆಯನ್ನು ತುಸು ಹೆಚ್ಚೇ ಮೆಚ್ಚಿದ್ದು ಕಂಡುಬಂದಿತು. ಆಮೇಲೆ ಬೇರೆಯವರು ನಡೆಸಿದ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶಗಳೂ ಬಂದಿವೆ. ಮರುಓದುವವರಿಗೆ 2011ರ ಆ ಫಲಿತಾಂಶ ಅಚ್ಚರಿ ತರಬೇಕಿಲ್ಲ, ಏಕೆಂದರೆ ಕೊನೆ ಗೊತ್ತಿದ್ದೂ ಸುಖಿಸುವುದೇ ಮರುಓದು. ಆದರೂ ಆ ಆಯ್ಕೆ ಕೇಳುಗರದ್ದಾಗಿರಬೇಕು. ಇನ್ನೂ ಓದದವರು ಜೊತೆಯಲ್ಲಿದ್ದರೆ, ಮೊದಲ ಮೂರನೆಯ ಒಂದು ಭಾಗದೊಳಗಿನ ಘಟನೆಗಳನ್ನಷ್ಟೇ ಬಿಡಿಸಿ ಹೇಳಿ, ಮುಂದಿನದಕ್ಕೆ ಹೋಗುವ ಮೊದಲು ಸ್ಪಷ್ಟವಾಗಿ ಎಚ್ಚರಿಸಿ.

ಎಂಟನೆಯ ಹಂತ: ಕೂಡಿ ಚರ್ಚಿಸುವುದು

ಒಂದೇ ಕಾದಂಬರಿಯನ್ನು ಮರಳಿ ಓದಿದ ನಾಲ್ಕರಿಂದ ಎಂಟು ಮಂದಿ ಸೇರಿದರೆ ಚರ್ಚೆ ಚೆನ್ನಾಗಿ ಸಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾತು ಇಬ್ಬರು ಮೂವರ ಪಾಲಾಗುತ್ತದೆ. ಮಾತು ಆರಂಭವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಐದಾರು ಸಾಲುಗಳಲ್ಲಿ ಚೀಟಿಯಲ್ಲಿ ಬರೆದಿಡುವ ನಿಯಮ ಇರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರು 1950ರ ದಶಕದಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗಗಳಲ್ಲಿ, ಗೆರೆಗಳ ಉದ್ದದಂಥ ಕಣ್ಣಿಗೆ ನಿಚ್ಚಳವಾಗಿ ಕಾಣುವ ವಿಷಯದಲ್ಲೂ, ಗುಂಪಿನ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ತಪ್ಪಿಗೇ ಜೋತುಬಿದ್ದಿತ್ತು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಅವಕಾಶವಿದ್ದಾಗ, ಅಥವಾ ಗುಂಪಿನಲ್ಲಿ ಒಬ್ಬರಾದರೂ ಸರಿಯುತ್ತರ ಹೇಳಿದಾಗ, ಈ ಒತ್ತಡ ಬಹಳ ಇಳಿಯಿತು. ಗೆರೆಯ ಉದ್ದದಲ್ಲೇ ಹೀಗಾದರೆ, ಅಳತೆಗೋಲೇ ಇಲ್ಲದ ಕಾದಂಬರಿಯ ವಿಷಯದಲ್ಲಿ ಹಿರಿಯ ಓದುಗರೊಬ್ಬರ ಮೊದಲ ಮಾತು ಉಳಿದವರ ಬಾಯನ್ನು ಎಷ್ಟು ಕಟ್ಟಿಹಾಕೀತು ಎಂದು ಊಹಿಸಬಹುದು. ಆದ್ದರಿಂದ ಚೀಟಿಗಳನ್ನು ಮೊದಲು ಓದಿ, ಹೆಚ್ಚು ಓದಿಕೊಂಡವರು ಕೊನೆಯಲ್ಲಿ ಮಾತಾಡಲಿ.

‘ನಿಮಗೆ ಇಷ್ಟವಾಯಿತೇ’ ಎಂಬ ಪ್ರಶ್ನೆಯಿಂದ ಚರ್ಚೆಯನ್ನು ಆರಂಭಿಸಬೇಡಿ; ಹೌದು, ಇಲ್ಲ ಎಂಬಲ್ಲಿಗೆ ಅದು ಮುಗಿದುಹೋಗುತ್ತದೆ. ‘ನೀವು ಯಾವುದನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದಿರಿ’ ಎಂದು ಕೇಳಿ. ಪ್ರತಿಯೊಬ್ಬರ ಬಳಿಯೂ ಇದಕ್ಕೆ ಉತ್ತರವಿರುತ್ತದೆ, ಯಾರೂ ಮೇಲು ಕೀಳಾಗುವುದಿಲ್ಲ, ಮತ್ತು ಮಾತು ನೇರವಾಗಿ ಪಠ್ಯದ ಒಳಗೆ ಇಳಿಯುತ್ತದೆ. ಅನಂತರ ‘ಯಾರ ಕಡೆಗಿದ್ದ ನಿಮ್ಮ ಮನಸ್ಸು ಯಾರ ಕಡೆಗೆ ಸರಿಯಿತು’, ‘ಯಾವ ಅಧ್ಯಾಯವನ್ನು ತೆಗೆದುಹಾಕಿದರೆ ಕಾದಂಬರಿ ಕುಸಿಯುತ್ತದೆ’ ಎಂಬಂಥ ಪ್ರಶ್ನೆಗಳಿಗೆ ಹೋಗಬಹುದು. ವಿವಾದ ಬಿಸಿಯೇರಿದಾಗ ಸಂಬಂಧಪಟ್ಟ ಪುಟವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಅರ್ಧದಷ್ಟು ಜಗಳಗಳು ಅಲ್ಲಿಗೆ ನಿಲ್ಲುತ್ತವೆ, ಉಳಿದರ್ಧ ಇನ್ನಷ್ಟು ಚೆಂದಗೊಳ್ಳುತ್ತವೆ. ಒಮ್ಮತಕ್ಕೆ ಬರಬೇಕೆಂಬ ಹಟ ಯಾರಿಗೂ ಬೇಡ. ಒಬ್ಬರ ಅಚ್ಚುಮೆಚ್ಚಿನ ಕೃತಿಯನ್ನು ಇನ್ನೊಬ್ಬರು ಟೀಕಿಸುವಾಗ ಅದರಲ್ಲಿ ಆ ವ್ಯಕ್ತಿಯ ಬದುಕಿನ ಒಂದು ಘಟ್ಟವೂ ಸೇರಿಕೊಂಡಿದೆ ಎಂಬ ಅರಿವು ಇದ್ದರೆ, ಕಟುವಾದ ಮಾತನ್ನೂ ನೋಯಿಸದೆ ಹೇಳುವ ದಾರಿ ಸಿಗುತ್ತದೆ.

ಒಂಬತ್ತನೆಯ ಹಂತ: ದಾಖಲೆಯನ್ನು ಉಳಿಸಿಕೊಳ್ಳುವುದು

ಪ್ರತಿ ಕಾದಂಬರಿಗೆ ಒಂದು ಪುಟ ಮೀಸಲಿಟ್ಟ ನೋಟುಪುಸ್ತಕವೊಂದು ಸಾಕು. ನೆನಪಿನ ಟಿಪ್ಪಣಿ, ಮರುಓದಿನ ಸಾರ, ಚರ್ಚೆಯಲ್ಲಿ ಇನ್ನೊಬ್ಬರು ಹೇಳಿ ನಿಮ್ಮ ಮನಸ್ಸು ಬದಲಿಸಿದ ಮಾತು, ಈ ಮೂರನ್ನು ದಿನಾಂಕದೊಂದಿಗೆ ಬರೆಯಿರಿ. ಮಾತು ಯಾರದೋ ಅವರ ಹೆಸರಿನಲ್ಲೇ ಇರಲಿ. ಕಾಲ ಕಳೆದಂತೆ ಇನ್ನೊಬ್ಬರ ಒಳನೋಟವನ್ನು ನಮ್ಮದೆಂದೇ ನಂಬುವುದು ಬಹಳ ಸುಲಭ. ಹಿಂದಿನ ಅಭಿಪ್ರಾಯ ಇಂದು ಬಾಲಿಶವೆನಿಸಿದರೂ ಅದನ್ನು ಹೊಡೆದುಹಾಕಬೇಡಿ, ತಿದ್ದಲೂ ಬೇಡಿ. ಹೊಸದನ್ನು ಅದರ ಕೆಳಗೆ ಬರೆದು, ಮೂರನೆಯ ಓದಿಗೆ ಬೇಕಾಗುವಷ್ಟು ಜಾಗವನ್ನು ಅದೇ ಪುಟದಲ್ಲಿ ಬಿಡಿ.